ಮಗುವಿನ ಕರಾರಿನ ಏಳನೇ ಕಲಮು

ಕಳೆದ ತಿಂಗಳು ಕುಷ್ಟಗಿಯ ಒಬ್ಬ ತರುಣ ವಕೀಲ ಫೋನ್ ಮಾಡಿದ.

"ಸರ್, ಮಗುವಿನ ಪಾಲನೆ ಕರಾರಿಂದು ಒಂದು ನಮೂನಿ ಇದ್ರ ಕಳಸ್ರಿ. ಹೆಸರು, ಊರು ಅಷ್ಟ ಬದ್ಲಿ ಮಾಡ್ಕೋತೀನಿ."

ನನ್ನ ಹತ್ತಿರ ನಮೂನೆ ಇಲ್ಲ, ಇದ್ದದ್ದನ್ನೆಲ್ಲ ಅಳಿಸಿಬಿಟ್ಟಿದ್ದೇನೆ ಎಂದೆ. ಆತ ನಂಬಲಿಲ್ಲ.

"ಯಾಕ್ರಿ ಸರ್, ನಿಮ್ಮ ಪಾರ್ಟಿ ಎಲ್ಲಾ ನನ್ನ ಕಡಿ ಬರ್ತಾರ ಅಂತ ಅಂಜಿಕಿ ಏನು? ನೀವರ ಕೋಟು ಬಿಚ್ಚಿಟ್ಟು ಮನ್ಯಾಗ ಕುಂತೀರಿ."

ಅಂಜಿಕೆ ಹೌದು. ಆದರೆ ಅವನು ತಿಳಿದಂಥ ಅಂಜಿಕೆಯಲ್ಲ. ಫೋನಿನಲ್ಲಿ ಅದನ್ನು ವಿವರಿಸಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಈ ಕೆಲಸಕ್ಕೆ ಈಗ ಕಾಲಿಡುತ್ತಿರುವ ಇತರರೂ ಓದಲಿ.

ನಾನು ಧಾರವಾಡದಲ್ಲಿ ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಅದರಿಂದ ಹೊಟ್ಟೆ ತುಂಬುವುದಿಲ್ಲವೆಂದು ಗೊತ್ತಾದ ಮೇಲೆ ಕಾನೂನು ಓದಿದವನು. ಯಲಬುರ್ಗಾದಲ್ಲಿ ವಕೀಲಿಕೆ ಶುರು ಮಾಡಿ ಕೊಪ್ಪಳದಲ್ಲಿ ಮುಗಿಸಿದೆ. ಕೊನೆಯ ವರ್ಷಗಳಲ್ಲಿ ವಕೀಲಿಕೆಯ ಜೊತೆ ನೋಟರಿಯೂ ಆಗಿದ್ದೆ. ಕಂಡದ್ದನ್ನೆಲ್ಲ ಸಂಶಯದಿಂದ ನೋಡುವ ಚಟ ವಿಶ್ವವಿದ್ಯಾಲಯದಿಂದಲೇ ಅಂಟಿತ್ತು. ಆದರೆ ನನ್ನ ಸ್ವಂತ ನೆನಪನ್ನು ಸಂಶಯಿಸುವುದನ್ನು ಕಲಿತದ್ದು ಬಹಳ ತಡವಾಗಿ, ಅದೂ ಸಾಕ್ಷಿಯ ಕಟಕಟೆಯಲ್ಲಿ ನಿಂತು. ಆದ್ದರಿಂದ ಈಗಲೇ ಹೇಳಿಬಿಡುತ್ತೇನೆ: ಕೆಳಗಿನ ಸಂಗತಿಗಳಲ್ಲಿ ಕಾಗದ ಇರುವ ಕಡೆ ನನ್ನನ್ನು ನಂಬಿ. ಕಾಗದ ಇಲ್ಲದ ಕಡೆ, ಒಬ್ಬ ಮುದುಕ ಹೀಗೆ ಹೇಳುತ್ತಾನೆ ಎಂದಷ್ಟೇ ತಿಳಿಯಿರಿ.

ಪಾಲನೆಯ ಕರಾರು ಬೇಕೆಂದು ಬರುವವರು ಕಾನೂನು ಕೇಳಿಕೊಂಡು ಬರುವುದಿಲ್ಲ. ಯಾವುದೋ ಒಂದು ಕಿಟಕಿಯಲ್ಲಿ ಅವರನ್ನು ವಾಪಸು ಕಳಿಸಿರುತ್ತಾರೆ. ಶಾಲೆಯ ದಾಖಲಾತಿ, ಹಾಸ್ಟೆಲಿನ ಅರ್ಜಿ, ಬ್ಯಾಂಕಿನ ಪಾಸ್‌ಬುಕ್, ಆಸ್ಪತ್ರೆಯ ಒಪ್ಪಿಗೆ ಚೀಟಿ. ಅಲ್ಲಿ ಯಾರೋ "ತಂದೆ ತಾಯಿ ಎಲ್ಲಿ?" ಎಂದಿರುತ್ತಾರೆ. ತಂದೆ ತಾಯಿ ಮಂಗಳೂರಿನಲ್ಲೋ ಗೋವಾದಲ್ಲೋ ದುಡಿಯುತ್ತಿರುತ್ತಾರೆ. ಮಗು ಅಜ್ಜಿಯ ಹತ್ತಿರವೋ ಚಿಕ್ಕಪ್ಪನ ಮನೆಯಲ್ಲೋ ಇರುತ್ತದೆ.

ಕುಷ್ಟಗಿ ಕಡೆಯ ಒಬ್ಬ ಅಜ್ಜಿ ಬಂದದ್ದು ನೆನಪಿದೆ. ಮೊಮ್ಮಗಳ ಕೈ ಹಿಡಿದುಕೊಂಡೇ ನನ್ನ ಎದುರಿನ ಬೆಂಚಿನ ಮೇಲೆ ಕೂತಳು.

"ಈಕಿ ನನ್ನ ಮೊಮ್ಮಗಳಂತ ಊರಿಗೆಲ್ಲ ಗೊತ್ತೈತ್ರಿ. ಸಾಲಿಯವ್ರಿಗಷ್ಟ ಗೊತ್ತಿಲ್ಲ. ಅವ್ರಿಗೊಂದು ಕಾಗದ ಬರ್ದು ಕೊಡ್ರಿ."

ಮಗ ಸೊಸೆ ಬಂದು ಸಹಿ ಮಾಡಬೇಕಾಗುತ್ತದೆ ಎಂದೆ.

"ಅವ್ರು ಇಲ್ಲೇ ಇದ್ರ ಕಾಗದ ಯಾಕ ಬೇಕ್ರಿ ವಕೀಲ್ರ?"

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಮಗ ಸೊಸೆ ಒಂದು ದಿನದ ಮಟ್ಟಿಗೆ ಬಂದರು, ಬಸ್ಸಿನಿಂದ ಇಳಿದು ನೇರವಾಗಿ ಕಚೇರಿಗೆ ಬಂದು ಸಹಿ ಹಾಕಿ, ಸಂಜೆಯ ಬಸ್ಸಿಗೆ ವಾಪಸು ಹೋದರು. ಹುಡುಗಿ ಅವರ ಜೊತೆ ಹೋಗಲಿಲ್ಲ, ಅಳಲೂ ಇಲ್ಲ. ಅದು ನನಗೆ ಒಳ್ಳೆಯ ಗುರುತೋ ಕೆಟ್ಟದ್ದೋ ತಿಳಿಯಲಿಲ್ಲ.

ಕಾನೂನು ಇಷ್ಟೇ. ಮಗುವನ್ನು ನೋಡಿಕೊಳ್ಳುವ ಕೆಲಸವನ್ನು ತಂದೆ ತಾಯಿ ಮನೆಯ ಇನ್ನೊಬ್ಬರ ಜೊತೆ ಹಂಚಿಕೊಳ್ಳಬಹುದು. ಆದರೆ ತಂದೆ ತಾಯಿ ಎಂಬ ಸ್ಥಾನವನ್ನು ಸ್ಟಾಂಪ್ ಕಾಗದದ ಮೇಲೆ ಬರೆದು ಕೊಡಲು ಬರುವುದಿಲ್ಲ. ದತ್ತಕದ ದಾರಿಯೇ ಬೇರೆ. ಹಂಚಿಕೊಂಡದ್ದನ್ನು ವಾಪಸು ತೆಗೆದುಕೊಳ್ಳಬಹುದು. ತಕರಾರಾದರೆ ನ್ಯಾಯಾಲಯ ಕಾಗದಕ್ಕಿಂತ ಹೆಚ್ಚಾಗಿ ಮಗುವಿನ ಹಿತವನ್ನು ನೋಡುತ್ತದೆ. ಇದನ್ನು ನೀವು ಓದಿಯೇ ಇರುತ್ತೀರಿ. ಪುಸ್ತಕದಲ್ಲಿ ಇಲ್ಲದ ಮಾತು ಬೇರೆ ಇದೆ. ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕೆ ಮುಂಚೆ ಊರ ಹಿರಿಯರು, ಶಾಲೆ, ಪೊಲೀಸ್ ಠಾಣೆ ಎಲ್ಲ ಸಿಗುತ್ತವೆ. ಅಲ್ಲೆಲ್ಲ ಕಾಗದದ್ದೇ ಕೊನೆಯ ಮಾತು.

ಯಲಬುರ್ಗಾದಲ್ಲಿ ನಾನು ಯಾರ ಕೈಕೆಳಗೆ ಕಲಿತೆನೋ ಆ ಹಿರಿಯ ವಕೀಲರು ಉರ್ದುವಿನಲ್ಲಿ ಶಾಲೆ ಕಲಿತವರು, ಕೊನೆಯತನಕ ಕರಾರಿಗೆ 'ಕರಾರ್‌ನಾಮಾ' ಅನ್ನುತ್ತಿದ್ದರು. ಯಾರ ಮೇಲೂ ಅವರಿಗೆ ನಂಬಿಕೆ ಇರಲಿಲ್ಲ. "ಇವತ್ತು ಹೊಂದ್ಯಾರಂತ ಬರೀಬ್ಯಾಡ, ನಾಳಿ ಬಡದಾಡ್ತಾರಂತ ಬರಿ" ಎನ್ನುವುದು ಅವರ ಪಾಠ. ಸಂಶಯದ ಸ್ವಭಾವದ ನನಗೆ ಆ ಪಾಠ ಬಹಳ ಹಿಡಿಸಿತು.

ಆದರೆ ಹೊಲ ಮನೆಯ ಕಾಗದಕ್ಕೆ ಒಗ್ಗುವ ಪಾಠ ಮಗುವಿನ ಕಾಗದಕ್ಕೆ ಒಗ್ಗುವುದಿಲ್ಲ. ಒಮ್ಮೆ ಅಣ್ಣ ತಮ್ಮ ಇಬ್ಬರು ಬಂದಿದ್ದರು. ತಮ್ಮ ದುಡಿಯಲು ಹೊರಡುವವನು, ಅವನ ಮಗುವನ್ನು ಅಣ್ಣ ಇಟ್ಟುಕೊಳ್ಳುವವನು. ನಾನು ಎಲ್ಲರ ಎದುರಿಗೆ ಗಟ್ಟಿಯಾಗಿ ಕೇಳಿದೆ: "ತಮ್ಮ ವಾಪಸು ಬಂದಾಗ ನೀವು ಮಗುವನ್ನು ಕೊಡದಿದ್ದರೆ?"

ಅಣ್ಣ ಎದ್ದು ನಿಂತ.

"ನನ್ನ ತಮ್ಮನ ಕೂಸನ್ನ ನಾ ಕದ್ದು ಒಯ್ತೀನೇನ್ರಿ? ಏ, ನಡಿಯೋ. ಇಂಥಾ ಮಾತು ಕೇಳಾಕ ಇಲ್ಲಿತನಕ ಬರ್ಬೇಕಿತ್ತೇನು."

ಇಬ್ಬರೂ ಹೋದರು. ತಮ್ಮ ಹೊರಗೆ ಹೋಗುವಾಗ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣಿನಲ್ಲಿದೆ. ಮನೆಯೊಳಗೆ ನಾನು ಹಾವು ಬಿಟ್ಟೆನೇನೋ ಎಂಬಂತೆ. ಅವತ್ತಿನಿಂದ ನಾನು ಒಂದು ಜಾಣತನ ಕಲಿತೆ. ಕೇಳಲು ಮುಜುಗರವಾಗುವ ಮಾತುಗಳನ್ನು ಬಾಯಿಬಿಟ್ಟು ಕೇಳದೆ, ಸುಮ್ಮನೆ ಕಾಗದದಲ್ಲಿ ಸೇರಿಸಿಬಿಡುವುದು. ಓದಿ ಹೇಳುವಾಗ ಆ ಕಲಮು ಬಂದಾಗ ದನಿ ಸ್ವಲ್ಪ ಇಳಿಸಿ ಬೇಗ ದಾಟುವುದು. ನಮ್ಮ ಕಡೆ ನಂಟರ ನಡುವಿನ ಕಾಗದ ಬರೆಯುವವರೆಲ್ಲ ಹೀಗೆಯೇ ಮಾಡುತ್ತಾರೆ. ಇದು ಮರ್ಯಾದೆ ಎಂದು ನಾನೂ ತಿಳಿದಿದ್ದೆ.

ಎರಡನೆಯ ತಪ್ಪು ಇಟಗಿ ಕಡೆಯದು. ಚಿಕ್ಕಪ್ಪನ ಮನೆಯಲ್ಲಿ ಬಿಟ್ಟ ಮಗುವಿನ ಕರಾರಿನಲ್ಲಿ ನಾನು ಶಾಲೆಯ ವಿಷಯವಷ್ಟೇ ಬರೆದಿದ್ದೆ, ಅವರು ಕೇಳಿದ್ದು ಅಷ್ಟೇ. ಆ ಮಗುವಿಗೆ ಅಪೆಂಡಿಕ್ಸ್ ಆಗಿ ಆಸ್ಪತ್ರೆಗೆ ತಂದರು. ಚಿಕ್ಕಪ್ಪ ಅಭಿಮಾನದಿಂದ ನನ್ನ ಕಾಗದ ತೆಗೆದು ತೋರಿಸಿದ. ಅದನ್ನು ಓದಿದವರು, "ಇದು ಸಾಲಿಗಷ್ಟ ಐತಲ್ಲಪಾ, ಆಪರೇಶನ್‌ಗೆ ಅಪ್ಪನ ಸಹಿ ಬೇಕು" ಎಂದರು. ಅಪ್ಪನ ಫೋನು ಹತ್ತುತ್ತಿರಲಿಲ್ಲ. ಕಾಗದವೇ ಇಲ್ಲದಿದ್ದರೆ ಚಿಕ್ಕಪ್ಪನ ಮಾತು ನಡೆಯುತ್ತಿತ್ತೇನೋ. ನನಗೆ ಸುದ್ದಿ ಬಂದು ನಾನೂ ಓಡಿದೆ. ಡಾಕ್ಟರು ಕೊನೆಗೆ ತಮ್ಮ ಹೊಣೆಯ ಮೇಲೆ ಆಪರೇಶನ್ ಮಾಡಿದರು, ಮಗು ಉಳಿಯಿತು. ಆದರೆ ಅಲ್ಲಿಯತನಕ ಆ ಕಾರಿಡಾರಿನಲ್ಲಿ ನಿಂತ ಹೊತ್ತಿದೆಯಲ್ಲ, ಅದನ್ನು ಮರೆತಿಲ್ಲ.

ಆಮೇಲೆ ನಾನು ಎಲ್ಲವನ್ನೂ ಬರೆಯತೊಡಗಿದೆ. ಶಾಲೆ, ಆಸ್ಪತ್ರೆ, ಪ್ರಯಾಣ, ಬ್ಯಾಂಕು, ಸೋಂಕು, ಅಪಘಾತ. ಒಂದು ಪುಟದ ಕರಾರು ನಾಲ್ಕು ಪುಟವಾಯಿತು. ನಾಲ್ಕು ಪುಟ ಓದಿ ಹೇಳಬೇಕಾದರೆ ಬೇಗ ಬೇಗ ಓದಲೇಬೇಕಾಯಿತು. ಅಷ್ಟರಲ್ಲಿ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಿತ್ತು. ಟೈಪ್‌ರೈಟರ್ ಇದ್ದಾಗ ಪ್ರತಿ ಕಾಗದವನ್ನೂ ಮೊದಲಿನಿಂದ ಬಡಿಯಬೇಕಿತ್ತು. ಬೇಡದ ಸಾಲನ್ನು ಯಾರೂ ಬಡಿಯುತ್ತಿರಲಿಲ್ಲ, ಬೆರಳು ನೋಯುತ್ತದೆ. ಕಂಪ್ಯೂಟರಿನಲ್ಲಿ ಹಳೆಯ ಫೈಲು ತೆಗೆದು ಹೆಸರು ಬದಲಿಸಿದರೆ ಹೊಸದು ತಯಾರು. ಬೇಡದ ಸಾಲನ್ನು ಅಳಿಸುವುದಕ್ಕೇ ಅಲ್ಲಿ ಹೆಚ್ಚಿನ ಕೆಲಸ. ನನ್ನ ಗುಮಾಸ್ತ ಮೌನೇಶ, ನನಗಿಂತ ನಾಲ್ಕೈದು ವರ್ಷಕ್ಕೆ ಚಿಕ್ಕವನು, ಇದರಲ್ಲಿ ಬಹಳ ಚುರುಕಾಗಿದ್ದ. ನಾನು ಆ ಚುರುಕನ್ನು ಹೊಗಳುತ್ತಿದ್ದೆ.

ಈಗ ಶಿವಲೀಲಾಳ ವಿಷಯ.

ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯವಳು. ಗಂಡ ಕಾಯಿಲೆಯಿಂದ ತೀರಿಕೊಂಡಿದ್ದ. ನಾಲ್ಕು ವರ್ಷದ ಮಗಳು, ಸಿಂಚನಾ. ಶಿವಲೀಲಾಳಿಗೆ ಬೇರೆ ಜಿಲ್ಲೆಯಲ್ಲಿ ನರ್ಸಿಂಗ್ ತರಬೇತಿಗೆ ಸೀಟು ಸಿಕ್ಕಿತು. ಹಾಸ್ಟೆಲಿನಲ್ಲಿ ಇರಬೇಕು, ಮಗುವನ್ನು ಇಟ್ಟುಕೊಳ್ಳುವಂತಿಲ್ಲ. ಗಂಡನ ಅಣ್ಣ ಮತ್ತು ಅವನ ಹೆಂಡತಿ ಗೌರಮ್ಮ ಮಗುವನ್ನು ನೋಡಿಕೊಳ್ಳುತ್ತೇವೆ ಎಂದರು. ಅವರಿಗೆ ಮಕ್ಕಳಿರಲಿಲ್ಲ. ಅಂಗನವಾಡಿ, ಮುಂದೆ ಶಾಲೆ, ದವಾಖಾನೆ ಇವಕ್ಕೆಲ್ಲ ಬೇಕೆಂದು ಕರಾರು ಮಾಡಿಸಲು ಶಿವಲೀಲಾ ಮತ್ತು ಅವಳ ಭಾವ ನನ್ನ ಕಚೇರಿಗೆ ಬಂದರು. ಮರುದಿನವೇ ಅವಳು ತರಬೇತಿಗೆ ಹಾಜರಾಗಬೇಕಿತ್ತು. ನಾಲ್ಕು ಪುಟ, ಒಂಬತ್ತು ಕಲಮು. ಸಹಿ ಹಾಕಿದರು, ನಾನು ಸೀಲು ಒತ್ತಿದೆ, ರಿಜಿಸ್ಟರಿನಲ್ಲಿ ಬರೆದೆ. ಇಷ್ಟಕ್ಕೆ ಕಾಗದದ ಸಾಕ್ಷಿ ಇದೆ.

ತರಬೇತಿ ಮುಗಿಸಿ, ಗಂಗಾವತಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಹಿಡಿದು, ಶ್ರೀರಾಮನಗರದಲ್ಲಿ ಬಾಡಿಗೆ ಮನೆ ಮಾಡಿ, ಅವಳು ಮಗಳನ್ನು ಕರೆದೊಯ್ಯಲು ಹೋದಳು. ಮಗಳಿಗೆ ಆಗ ಏಳು ತುಂಬಿತ್ತು. ಗೌರಮ್ಮ ಬಾಗಿಲಲ್ಲೇ ನಿಂತು, "ಇನ್ನೊಂದು ವರ್ಷ ಇರ್ಲಿ" ಎಂದಳಂತೆ. ಮರುವರ್ಷ ಮತ್ತೆ ಹೋದಾಗ ಭಾವ ನನ್ನ ಕರಾರನ್ನು ತಂದು ಏಳನೇ ಕಲಮು ತೋರಿಸಿದ.

ಆ ಕಲಮು ಹೀಗಿತ್ತು: 'ಇಂದಿನಿಂದ ಸದರಿ ಮಗುವಿನ ಮೇಲೆ ನನಗಾಗಲೀ ನನ್ನ ಕಡೆಯವರಿಗಾಗಲೀ ಯಾವುದೇ ತರಹದ ಹಕ್ಕು, ಹಿತಾಸಕ್ತಿ ಉಳಿದಿರುವುದಿಲ್ಲ, ಸದರಿ ಮಗುವನ್ನು ತಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿದ್ದು, ಮುಂದೆ ಯಾವುದೇ ತಕರಾರು ಮಾಡತಕ್ಕದ್ದಲ್ಲ.'

ನಾಲ್ಕನೇ ಕಲಮಿನಲ್ಲಿ, ತರಬೇತಿ ಮುಗಿದ ಮೇಲೆ ತಾಯಿ ಮಗುವನ್ನು ಕರೆದೊಯ್ಯಬಹುದು ಎಂದಿತ್ತು. ಒಂದೇ ಕಾಗದ, ಎರಡು ಮಾತು. ಎರಡರ ಕೆಳಗೂ ನನ್ನ ಸಹಿ.

ಊರ ಹಿರಿಯರು ಕಾಗದ ನೋಡಿ ತಲೆಯಾಡಿಸಿದರು. ಠಾಣೆಯಲ್ಲಿ, "ಬರ್ದು ಕೊಟ್ಟೀಯಲ್ಲಮ್ಮಾ" ಎಂದರು. ಶಿವಲೀಲಾ ಕೋರ್ಟಿಗೆ ಹೋದಳು. ಗೌರಮ್ಮನ ಕಡೆಯವರು ನನ್ನನ್ನು ಸಾಕ್ಷಿಯಾಗಿ ಕರೆಸಿದರು. ನಾನು ಹೇಳಬೇಕಾದದ್ದು ಒಂದೇ ಮಾತು: ಏಳನೇ ಕಲಮನ್ನು ಓದಿ ಹೇಳಿದ್ದೆ, ಆಕೆ ಕೇಳಿ ಒಪ್ಪಿದ್ದಳು. ಒಪ್ಪಿ ಬಿಟ್ಟುಕೊಟ್ಟಳು ಎಂದಾದರೆ, ಮಗುವನ್ನು ತೊರೆದು ಹೋದ ತಾಯಿ ಎಂದು ವಾದಿಸಲು ಅವರಿಗೆ ದಾರಿಯಾಗುತ್ತಿತ್ತು.

ಸಮನ್ಸು ಬಂದ ವಾರದಲ್ಲೇ ಶಿವಲೀಲಾ ನನ್ನ ಮನೆಗೆ ಬಂದಳು. ಡ್ಯೂಟಿಯ ಬಟ್ಟೆಯಲ್ಲಿದ್ದಳು, ಕೂರಲಿಲ್ಲ.

"ಒಂದ ಮಾತು ಕೇಳಾಕ ಬಂದೀನ್ರಿ ಸರ್. ಅವತ್ತು ಅದನ್ನ ಓದಿದ್ರೇನ್ರಿ?"

"ಓದಿದ್ದೆ ತಂಗಿ."

ನನಗೆ ಸಂಶಯವೇ ಇರಲಿಲ್ಲ. ಆ ಮಧ್ಯಾಹ್ನ ನನ್ನ ಕಣ್ಣ ಮುಂದೆ ಇತ್ತು. ನಾನು ಓದುತ್ತಿದ್ದೇನೆ, ಶಿವಲೀಲಾ ಕಲಮಿಗೊಮ್ಮೆ "ಹೂಂರಿ" ಅನ್ನುತ್ತಿದ್ದಾಳೆ, ಮೇಜಿನ ತುದಿಯಲ್ಲಿ ಹಳದಿ ಫ್ರಾಕಿನ ಮಗು ನನ್ನ ಸೀಲು ತೆಗೆದುಕೊಂಡು ರದ್ದಿ ಹಾಳೆಗಳ ಮೇಲೆ ಒತ್ತುತ್ತಿದೆ, ಮೌನೇಶ ಅದಕ್ಕೆ ಹಾಳೆ ಕೊಡುತ್ತಿದ್ದಾನೆ.

"ಸಿಂಚನಾ ಅಲ್ಲೇ ಸೀಲು ಒತ್ತುತ್ತಾ ಕೂತಿದ್ದಳಲ್ಲ" ಎಂದೆ.

ಶಿವಲೀಲಾ ನನ್ನನ್ನೇ ನೋಡಿದಳು.

"ಆಕಿ ಬಂದಿರಲೇ ಇಲ್ರಿ. ಆಕಿಗೆ ಅಮ್ಮ ಆಗಿತ್ತು, ಮೈತುಂಬ ಗುಳ್ಳಿ. ಗೌರಕ್ಕ ಬೇವಿನ ತೊಪ್ಪಲು ಹಾಸಿ ಮಲಗಿಸ್ಕೊಂಡು ಊರಾಗ ಇದ್ಲು. ನಾನು, ನಮ್ಮ ಭಾವ, ಇಬ್ರ ಬಂದಿದ್ವಿ."

ಅವಳು ತನಗೆ ಬೇಕಾದಂತೆ ಹೇಳುತ್ತಿದ್ದಾಳೆ ಎಂದುಕೊಂಡೆ. ಮರುದಿನ ಎದುರು ಕಡೆಯವರ ತಕರಾರು ಅರ್ಜಿಯ ನಕಲು ತರಿಸಿ ಓದಿದೆ. ಅದರಲ್ಲಿ ಅವರೇ ಬರೆದಿದ್ದರು: ಕರಾರು ಮಾಡಿದ ದಿನ ಮಗುವಿಗೆ ಅಮ್ಮ ಬಂದು ಮಲಗಿತ್ತು, ಅಂಥ ಹೊತ್ತಿನಲ್ಲಿ ತಾಯಿ ಮಗುವನ್ನು ಬಿಟ್ಟು ಹೋದಳು. ಜಗಳವಾಡುವ ಎರಡೂ ಕಡೆಯವರು ಒಪ್ಪಿದ ಏಕೈಕ ಸಂಗತಿ ಅದು. ಮಗು ನನ್ನ ಕಚೇರಿಗೆ ಬಂದಿರಲಿಲ್ಲ.

ಹಾಗಾದರೆ ಹಳದಿ ಫ್ರಾಕು ಯಾರದು? ಬೇರೆ ಯಾವುದೋ ದಿನದ, ಬೇರೆ ಯಾರದೋ ಮಗು ಬಂದು ಈ ದಿನದೊಳಗೆ ಕೂತಿತ್ತು. ಆ ಮಗು ಸುಳ್ಳಾದರೆ "ಹೂಂರಿ" ಯಾರದು? ನಾನು ಓದುತ್ತಿದ್ದ ಕಾಗದ ಯಾವುದು? ತತ್ವಶಾಸ್ತ್ರದ ತರಗತಿಯಲ್ಲಿ ಇಂಥದ್ದನ್ನು ಎಷ್ಟು ಹುಮ್ಮಸ್ಸಿನಿಂದ ಚರ್ಚಿಸಿದ್ದೆವು.

ಕಚೇರಿಗೆ ಹೋಗಿ ಮೌನೇಶನ ಜೊತೆ ಹಳೆಯ ಫೈಲುಗಳನ್ನು ಹುಡುಕಿದೆ. ಎರಡನೆಯ ದಿನ ಸಿಕ್ಕಿತು. ಶಿವಲೀಲಾಳ ಕರಾರಿಗೆ ಒಂದು ವಾರ ಮುಂಚೆ ತಂಗಿಯೊಬ್ಬಳು ತವರಿನ ಹೊಲದ ಪಾಲನ್ನು ಅಣ್ಣನಿಗೆ ಬಿಟ್ಟುಕೊಟ್ಟ ಪತ್ರ. ಅದರ ಏಳನೇ ಕಲಮು ಅಕ್ಷರ ಅಕ್ಷರವಾಗಿ ಅದೇ. 'ಸದರಿ ಜಮೀನು' ಎಂದಿದ್ದ ಕಡೆಯೆಲ್ಲ 'ಸದರಿ ಮಗು' ಆಗಿತ್ತು. ಯಾವುದೋ ಹಳೆಯ ಸಂಶಯದಿಂದ, 'ಮುಂದೆ ತಕರಾರು ಬರಬಾರದು' ಎಂಬ ಕಲಮು ಒಂದಿರಲಿ ಎಂದು ನಾನೇ ಹೇಳಿರಬೇಕು. ಮೌನೇಶ ಕೈಗೆ ಸಿಕ್ಕದ್ದನ್ನು ಹಾಕಿರಬೇಕು. ನಾನು ಅದನ್ನು ಓದಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಅಥವಾ ಓದಿಯೂ, ದನಿ ಇಳಿಸಿ ದಾಟಿಬಿಟ್ಟೆನೋ?

"ನಾನು ಓದಿದ್ನೇನೋ ಮೌನೇಶ?"

"ನಂಗೇನ್ ಗೊತ್ರಿ ಸರ್. ನಾ ಚಾಕ್ಕ ಹೋಗಿದ್ನೋ ಏನೋ." ಅವನು ಫೈಲು ಮುಚ್ಚಿದ. "ಇದನ್ನ ಯಾಕ ಕೆದರಾಕತ್ತೀರಿ? ಓದೀನಿ ಅಂದುಬಿಡ್ರಿ. ಕಾಗದದಾಗ 'ಓದಿ ಹೇಳಿದೆ' ಅಂತ ಐತಿ, ನಿಮ್ಮ ಸಹಿ ಐತಿ. ಕಾಗದ ಸುಳ್ಳು ಹೇಳ್ತೈತೇನು?"

"ಅದನ್ನ ಬರ್ದಾವ ನಾನ ಅಲ್ಲೇನೋ."

"ಅದಕ್ಕ ಹೇಳಾಕತ್ತೀನ್ರಿ. ಓದಿಲ್ಲ ಅಂದ್ರ ನೀವು ಇಲ್ಲೀತನಕ ಒತ್ತಿದ ಸೀಲಿಗೆಲ್ಲ ಏನು ಕಿಮ್ಮತ್ತು ಉಳೀತೈತಿ? ಊರಾಗಿನ ಕಾಗದ ಎಲ್ಲಾ ಹೊರಗ ಬರ್ತಾವ."

ಅವನ ಮಾತಿನಲ್ಲಿ ಹುರುಳಿತ್ತು. ನೋಟರಿಯ ಮೇಲೆ ದೂರು ಹೋಗಬಹುದು, ನನ್ನ ಹೆಸರು ಹೋಗಬಹುದು. ಇನ್ನೊಂದು ಭಯ ಅದಕ್ಕಿಂತ ದೊಡ್ಡದಿತ್ತು. ನಾನು ಶಿವಲೀಲಾಳ ಕಡೆ ವಾಲಿ ಹೇಳಿದರೆ, ನಾಲ್ಕು ವರ್ಷ ಮಗುವನ್ನು ಸಾಕಿದ ಗೌರಮ್ಮನಿಗೆ ಅನ್ಯಾಯ ಮಾಡಿದಂತಲ್ಲವೇ? ಅಮ್ಮ ಬಂದ ಮಗುವಿಗೆ ಬೇವಿನ ಸೊಪ್ಪು ಹಾಸಿದವಳು ಅವಳೇ. ಮಗು ಎಲ್ಲಿರಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅದು ನನ್ನನ್ನು ಕೇಳಿದ ಪ್ರಶ್ನೆಯೂ ಅಲ್ಲ. ಕೇಳುವುದು ಒಂದೇ: ಓದಿದ್ದೆಯಾ? ಅದೊಂದಕ್ಕೇ ನನ್ನಲ್ಲಿ ಉತ್ತರವಿರಲಿಲ್ಲ.

ಸಾಕ್ಷಿಯ ದಿನ ನಾನು ಕಟಕಟೆ ಹತ್ತಿದೆ. ಎಷ್ಟು ಜನರನ್ನು ನಾನೇ ಅಲ್ಲಿ ನಿಲ್ಲಿಸಿ ಬೆವರಿಳಿಸಿದ್ದೇನೆ. ಗೌರಮ್ಮ ಗಂಡನ ಪಕ್ಕ ಕೂತಿದ್ದಳು, ಶಿವಲೀಲಾ ಗೋಡೆಗೆ ಒರಗಿ ನಿಂತಿದ್ದಳು. ಗೌರಮ್ಮನ ವಕೀಲರು ನನಗೆ ಪರಿಚಯದವರೇ, ವಿಶ್ವಾಸದಿಂದಲೇ ಶುರು ಮಾಡಿದರು.

"ಈ ಸಹಿ ನಿಮ್ಮದೇ?"

"ನನ್ನದೇ."

"ಏಳನೇ ಕಲಮನ್ನು ಅರ್ಜಿದಾರಳಿಗೆ ಓದಿ ಹೇಳಿದ್ದಿರಿ. ಸರಿಯೇ?"

"ನೆನಪಿಲ್ಲ."

ಅವರು ನಕ್ಕರು, ನನಗೆ ಕೇಳಿಸಲಿಲ್ಲವೆಂದು ತಿಳಿದು ಮತ್ತೊಮ್ಮೆ ಕೇಳಿದರು. ನಾನು ಅದನ್ನೇ ಹೇಳಿದೆ.

"ಹಾಗಾದರೆ ಓದಿಲ್ಲ ಎನ್ನುತ್ತೀರಾ?"

"ಓದಿಲ್ಲ ಎಂದೂ ನೆನಪಿಲ್ಲ. ಓದಿದ್ದು ನೆನಪಿದೆ ಎಂದು ಮೊನ್ನೆಯತನಕ ತಿಳಿದಿದ್ದೆ. ಆ ನೆನಪಿನಲ್ಲಿ ಮಗು ಇತ್ತು. ಮಗು ಬಂದಿರಲಿಲ್ಲವೆಂದು ನಿಮ್ಮ ಅರ್ಜಿಯೇ ಹೇಳುತ್ತದೆ. ಹಾಗಾಗಿ ಆ ನೆನಪಿನ ಮೇಲೆ ಪ್ರಮಾಣ ಮಾಡಲಾರೆ."

ನ್ಯಾಯಾಧೀಶರು ಬರೆಯುವುದನ್ನು ನಿಲ್ಲಿಸಿದರು. "ಮತ್ತೆ ನಿಮಗೆ ಖಚಿತವಾಗಿ ಗೊತ್ತಿರುವುದು ಏನು?" ಎಂದು ಕೇಳಿದರು.

ಜಮೀನಿನ ಪತ್ರದ ನಕಲನ್ನು ತೆಗೆದು ಕೊಟ್ಟೆ. ಆ ಕಲಮು ಬೇಕೆಂದು ಎರಡೂ ಕಡೆಯವರಲ್ಲಿ ಯಾರೂ ಕೇಳಿರಲಿಲ್ಲ, ಅದು ನನ್ನ ಕಚೇರಿಯ ಹಳೆಯ ಕಾಗದದಿಂದ ಬಂದದ್ದು, ತಪ್ಪು ನನ್ನದು ಎಂದೆ. ಅವರು ಎರಡೂ ಕಾಗದಗಳನ್ನು ಪಕ್ಕಪಕ್ಕ ಇಟ್ಟು ಓದಿದರು.

"ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು ಎಂಬ ಚಕ್ಕುಬಂದಿ ಒಂದನ್ನು ಬಿಟ್ಟಿದ್ದೀರಿ" ಎಂದರು.

ಕೆಲವರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಗೌರಮ್ಮ ಗಂಡನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ, "ಇದು ಹೊಲದ ಕಾಗದೇನು?" ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ಶಿವಲೀಲಾ ಮಗುವನ್ನು ತನಗೆ ಬಿಟ್ಟುಕೊಟ್ಟಳೆಂದು ಅವಳು ನಾಲ್ಕು ವರ್ಷ ನಿಜವಾಗಿಯೂ ನಂಬಿದ್ದಳು. ಗಂಡ ಸಹಿ ಮಾಡಿ ಬಂದ ದಿನ ಕಾಗದವನ್ನು ಯಾರಿಂದಲೋ ಓದಿಸಿ ಕೇಳಿದ್ದಳಂತೆ. ಅಂದರೆ ಆ ಕಲಮನ್ನು ನಿಜವಾಗಿ ಕೇಳಿಸಿಕೊಂಡವಳು ಅವಳೊಬ್ಬಳೇ. ನನ್ನ ತಪ್ಪು ಒಬ್ಬಳಿಂದ ಮಗುವನ್ನು ಕಸಿದುಕೊಂಡಿದ್ದಷ್ಟೇ ಅಲ್ಲ, ಇನ್ನೊಬ್ಬಳಿಗೆ ಇಲ್ಲದ ಮಗುವನ್ನು ಕೊಟ್ಟಿತ್ತು.

ನನ್ನ ಮೇಲೆ ದೂರು ಹೋಗಲಿಲ್ಲ. ಯಾಕೆಂದು ಗೊತ್ತಿಲ್ಲ, ಕೆಲವು ತಿಂಗಳು ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಎದ್ದು ಬಾಗಿಲಿಗೆ ಹೋಗುತ್ತಿದ್ದೆ. ನ್ಯಾಯಾಧೀಶರು ಮಗುವನ್ನು ಒಳಗೆ ಕರೆಸಿ ಮಾತಾಡಿಸಿದರು. ಆಮೇಲೆ ಎರಡೂ ಕಡೆಯವರನ್ನು ಮಧ್ಯಸ್ಥಿಕೆಗೆ ಕಳಿಸಿದರು. ಅಲ್ಲಿ ಮೂರು ಬಾರಿ ಕೂತು ಒಂದು ಒಪ್ಪಂದಕ್ಕೆ ಬಂದರು: ಜೂನ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ಮಗು ತಾಯಿಯ ಹತ್ತಿರ ಹೋಗಬೇಕು, ರಜೆಗಳಲ್ಲಿ ದೊಡ್ಡವ್ವನ ಹತ್ತಿರ ಬರಬೇಕು. ವಿವರವನ್ನೆಲ್ಲ ಹೊಸದಾಗಿ ಬರೆದು ಕೋರ್ಟಿಗೆ ಕೊಡಬೇಕು.

ಅದನ್ನು ಬರೆಸಲು ಅವರಿಬ್ಬರೂ ನನ್ನ ಮನೆಗೆ ಬಂದರು. ಅಷ್ಟರಲ್ಲಿ ನಾನು ಕಚೇರಿ ಮುಚ್ಚುವುದೆಂದು ತೀರ್ಮಾನಿಸಿದ್ದೆ. ಬೇರೆ ಯಾರ ಹತ್ತಿರವಾದರೂ ಹೋಗಿ ಎಂದೆ.

"ಹೊಸಬ್ರ ಕಡಿ ಹೋದ್ರ ಮತ್ತ ಮೊದಲಿಂದ ಹೇಳ್ಬೇಕ್ರಿ" ಎಂದಳು ಗೌರಮ್ಮ. "ನೀವರ ಒಮ್ಮಿ ತಪ್ಪೀರಿ. ಅಂಜಿ ಬರೀತೀರಿ."

ಕಂಪ್ಯೂಟರ್ ಮುಟ್ಟಲಿಲ್ಲ. ಬಿಳಿ ಹಾಳೆಯ ಮೇಲೆ ಪೆನ್ನಿನಿಂದ, ಅವರು ಹೇಳಿದ್ದನ್ನು ಅವರ ಎದುರಿಗೇ ಬರೆದೆ. ಮುಜುಗರದ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿದೆ. ಮಗುವಿಗೆ ಹುಷಾರಿಲ್ಲದಾಗ ಯಾರು ನಿರ್ಧಾರ ಮಾಡಬೇಕು? ಶಿವಲೀಲಾ ಇನ್ನೊಂದು ಮದುವೆಯಾದರೆ? ದೊಡ್ಡವ್ವ ಕಳಿಸುವುದಿಲ್ಲ ಎಂದರೆ? ಒಂದೊಂದು ಪ್ರಶ್ನೆಗೂ ಇಬ್ಬರ ಮುಖವೂ ಕಪ್ಪಾಗುತ್ತಿತ್ತು. ಒಮ್ಮೆ ಗೌರಮ್ಮ ಎದ್ದು ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು. ಆದರೆ ಯಾರೂ ಮನೆ ಬಿಟ್ಟು ಹೋಗಲಿಲ್ಲ.

ಬರೆದು ಮುಗಿದ ಮೇಲೆ ಓದಲು ಕನ್ನಡಕ ಸರಿಮಾಡಿಕೊಂಡೆ. ಶಿವಲೀಲಾ ಕೈ ಚಾಚಿದಳು.

"ಇಲ್ಲಿ ಕೊಡ್ರಿ ಸರ್. ನಾ ಓದ್ತೀನಿ. ನೀವು ಕೇಳ್ರಿ."

ಅವಳು ಔಷಧಿ ಚೀಟಿ ಓದುವಂತೆ ಒಂದೊಂದೇ ಪದ ಓದಿದಳು. ರಜೆಯ ಕಲಮಿಗೆ ಬಂದಾಗ ಗೌರಮ್ಮ ತಡೆದಳು.

"ಪಂಚಮಿ ಇಲ್ಲ."

"ರಜಾ ಅಂತ ಐತಲ್ಲಕ್ಕಾ. ಅದರಾಗ ಬಂತು."

"ರಜಾ ಬ್ಯಾರೆ, ಪಂಚಮಿ ಬ್ಯಾರೆ. ಪಂಚಮಿಗೆ ಹೆಣ್ಮಗಳು ಎಲ್ಲಿಗಿ ಬರ್ತಾಳ ಅಂತ ನಿನಗ ಹೇಳ್ಬೇಕೇನು?"

ಶಿವಲೀಲಾ ಹಾಳೆ ಕೆಳಗಿಟ್ಟಳು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಎಲ್ಲಿಗೆ ಬರುತ್ತಾರೆಂದು ನಮ್ಮ ಸೀಮೆಯಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಮಗುವನ್ನು ಬಿಟ್ಟುಕೊಟ್ಟ ಗೌರಮ್ಮ, ತನ್ನ ಮನೆಯೇ ಅದರ ತವರು ಎಂದು ಕೇಳುತ್ತಿದ್ದಳು. ನಾಲ್ಕು ಪುಟದ ಯಾವ ಕಲಮಿಗಿಂತಲೂ ಅದು ದೊಡ್ಡದು. ಇಲ್ಲಿಗೆ ಎಲ್ಲ ಮುರಿಯಿತು ಎಂದುಕೊಂಡೆ.

"ಬರೀರಿ ಸರ್" ಎಂದಳು ಶಿವಲೀಲಾ. "ಪ್ರತಿ ಪಂಚಮಿಗೂ ಅಂತ ಬರೀರಿ. ಆಕಿ ಮದುವಿ ಆದ ಮ್ಯಾಲೂ ಅಂತ ಬರೀರಿ."

ಮಗಳಿಗೆ ಹದಿನೆಂಟು ತುಂಬಿದ ಮೇಲೆ ಈ ಕರಾರು ನಡೆಯುವುದಿಲ್ಲ, ಆ ಸಾಲಿಗೆ ಕಾನೂನಿನಲ್ಲಿ ಬೆಲೆ ಇಲ್ಲ ಎಂದು ನಾನು ಹೇಳಲೇಬೇಕಿತ್ತು. ಹೇಳಿದೆ.

"ನಡೀಲಿ ಬಿಡ್ಲಿ, ಬರೀರಿ" ಎಂದಳು ಗೌರಮ್ಮ.

ಬರೆದೆ. ಶಿವಲೀಲಾ ಆ ಸಾಲನ್ನು ಗಟ್ಟಿಯಾಗಿ ಓದಿದಳು. ಗೌರಮ್ಮ ಹೂಂ ಅನ್ನಲಿಲ್ಲ.

"ಇನ್ನೊಮ್ಮಿ ಓದವಾ" ಎಂದಳು.